‘ಸರ್ ಪ್ಯಾಟ್ರಿಕ್ ಸ್ಪೆನ್ಸ್’: ಆ ಹಡಗು ನಿಜವಾಗಿಯೂ ಮುಳುಗಿತ್ತೇ?

ಪ್ರಶ್ನೆ (ಉಡುಪಿ)
ಮಾನ್ಯರೇ, ನಮ್ಮ ಕಾಲೇಜಿನಲ್ಲಿ ಸ್ಕಾಟ್ಲೆಂಡಿನ ಈ ಲಾವಣಿಯನ್ನು ಪಾಠ ಮಾಡುತ್ತಿದ್ದೇನೆ. ಡನ್‌ಫರ್ಮ್‌ಲಿನ್‌ನಲ್ಲಿ ಕೆಂಪು ಮದ್ಯ ಹೀರುತ್ತ ಕುಳಿತ ಅರಸನು ನಾವಿಕ ಸ್ಪೆನ್ಸನಿಗೆ ಹಡಗು ಹೊರಡಿಸುವಂತೆ ಪತ್ರ ಬರೆಯುತ್ತಾನೆ. ಅದನ್ನೋದಿ ಮೊದಲು ನಕ್ಕ ಸ್ಪೆನ್ಸ್, ಮರುಗಳಿಗೆಯಲ್ಲೇ ಕಣ್ಣೀರು ತುಂಬಿಕೊಂಡು, ವರ್ಷದ ಈ ಕಾಲದಲ್ಲಿ ತನ್ನನ್ನು ಕಡಲಿಗಟ್ಟಿದವರು ಯಾರೆಂದು ಕೇಳುತ್ತಾನೆ. ಕೊನೆಗೆ ಹಡಗು ಮುಳುಗುತ್ತದೆ. ಮಲ್ಪೆಯ ತಾಂಡೇಲರೊಬ್ಬರ (ಮೀನುಗಾರಿಕೆ ಬೋಟು ನಡೆಸುವವರ) ಮಗನಾದ ವಿದ್ಯಾರ್ಥಿ ‘ಇದು ನಡೆದದ್ದೇ?’ ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ.

ಉತ್ತರ 1 (ಮಂಗಳೂರು)
ಚರಿತ್ರೆಯ ಎರಡು ಪ್ರಸಂಗಗಳನ್ನು ಇದಕ್ಕೆ ಜೋಡಿಸುತ್ತಾರೆ. 1281ರಲ್ಲಿ ಸ್ಕಾಟ್ಲೆಂಡಿನ ಅರಸ ಮೂರನೆಯ ಅಲೆಕ್ಸಾಂಡರನ ಮಗಳು ಮಾರ್ಗರೆಟಳನ್ನು ನಾರ್ವೆಯ ಅರಸ ಎರಿಕನಿಗೆ ಮದುವೆ ಮಾಡಿಕೊಟ್ಟು ಮರಳುತ್ತಿದ್ದವರಲ್ಲಿ ಹಲವರು ಕಡಲಪಾಲಾದರು. ಆ ದಂಪತಿಯ ಮಗಳು, ಸ್ಕಾಟ್ಲೆಂಡಿನ ಪಟ್ಟಕ್ಕೆ ಬರಬೇಕಿದ್ದ ಬಾಲಕಿ, 1290ರಲ್ಲಿ ದಾರಿಯ ಆರ್ಕ್ನಿ ದ್ವೀಪಗಳಲ್ಲಿ ತೀರಿಕೊಂಡಳು. ಆದರೆ ಅವಳು ಮುಳುಗಿ ಸತ್ತವಳಲ್ಲ. ಮೇಲಾಗಿ ಅಲೆಕ್ಸಾಂಡರನು 1286ರಲ್ಲೇ ಕುದುರೆಯಿಂದ ಬಿದ್ದು ಸತ್ತಿದ್ದರಿಂದ, ಅವಳನ್ನು ಕರೆತರಲು ಪತ್ರ ಬರೆಯುವ ಅರಸನೇ ಆಗ ಇರಲಿಲ್ಲ. ಹತ್ತಿರದ್ದು 1281ರ ಪ್ರಸಂಗವೇ.

ಉತ್ತರ 2 (ಕುಂದಾಪುರ)
ಮೇಲಿನವರ ಮಾತಿಗೆ ಒಂದು ತಕರಾರಿದೆ. 1765ರಲ್ಲಿ ಥಾಮಸ್ ಪರ್ಸಿ ಮೊದಲು ಅಚ್ಚು ಹಾಕಿಸಿದ ಹನ್ನೊಂದು ಪದ್ಯಗಳ ಪಾಠದಲ್ಲಿ (ಲಾವಣಿಯ ರೂಪದಲ್ಲಿ) ನಾರ್ವೆಯ ಹೆಸರೇ ಇಲ್ಲ. ಅಲ್ಲಿನ ರಾಜಕುಮಾರಿಯನ್ನು ಕರೆತರುವ ಕಥೆ 1803ರ ವಾಲ್ಟರ್ ಸ್ಕಾಟನ ಪಾಠದಲ್ಲಿ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಚೇಂಬರ್ಸ್ ಎಂಬವರು ಇದು 1727ರಲ್ಲಿ ತೀರಿಕೊಂಡ ಲೇಡಿ ವಾರ್ಡ್ಲಾ ಎಂಬಾಕೆಯ ರಚನೆಯೆಂದೂ ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ.

ನನ್ನ ಮಟ್ಟಿಗೆ ಪರ್ಸಿಯ ಪಾಠವೇ ಮೇಲು. ಬಿದಿಗೆಯ ಎಳೆಚಂದ್ರ ಹಳೆಯ ಚಂದ್ರನನ್ನು ತೋಳಲ್ಲಿಟ್ಟುಕೊಂಡಂತೆ ಕಂಡಿತು, ಇದು ಕೇಡಿನ ಗುರುತು ಎಂದು ನಾವಿಕನೊಬ್ಬ ಎಚ್ಚರಿಸುತ್ತಾನೆ. ಅದರ ಮರುಪದ್ಯದಲ್ಲೇ, ಚಪ್ಪಲಿ ಒದ್ದೆಯಾದೀತೆಂದು ಹಿಂಜರಿದಿದ್ದ ಶ್ರೀಮಂತರ ಟೋಪಿಗಳು ನೀರ ಮೇಲೆ ತೇಲುತ್ತಿರುತ್ತವೆ. ನಡುವಿನ ಬಿರುಗಾಳಿಗೆ ಒಂದು ಸಾಲೂ ಇಲ್ಲ.

ಉತ್ತರ 3 (ಮಲ್ಪೆ)
‘ವರ್ಷದ ಈ ಕಾಲದಲ್ಲಿ’ ಎಂಬ ಮಾತು ಬರಿಯ ಗೋಳಲ್ಲ. ಮೂರನೆಯ ಜೇಮ್ಸನ ಕಾಲದ ಸ್ಕಾಟಿಷ್ ಶಾಸನವೊಂದು ಅಕ್ಟೋಬರ್ 28ರಿಂದ ಫೆಬ್ರವರಿ 2ರವರೆಗೆ ಸರಕಿನ ಹಡಗುಗಳು ಹೊರದೇಶಕ್ಕೆ ಹೊರಡುವುದನ್ನು ತಡೆದಿತ್ತು. ಅದು 1281ಕ್ಕಿಂತ ಎಷ್ಟೋ ಈಚಿನದಾದರೂ, ಚಳಿಗಾಲದ ಕಡಲ ಭಯ ಹಾಡುಗಾರರಿಗೂ ಕೇಳುಗರಿಗೂ ಗೊತ್ತಿದ್ದದ್ದೇ. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ 61 ದಿನ ದಡದಲ್ಲಿ ನಿಲ್ಲುವ ಬೋಟುಗಳನ್ನು ನೋಡಿ ಬೆಳೆದ ನಿಮ್ಮ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ನಾಳೆ ಪರ್ಸಿಯ ಪಾಠವನ್ನೇ ಓದಿಸುತ್ತೇನೆ.