ಅಶ್ವಿನಿಗೆ ಮೆಂತ್ಯ, ರೋಹಿಣಿಗೆ ಬೆಂಡೆ: ಷಿಕಾಗೋ ಹಿತ್ತಲಿಗೆ ಅಣ್ಣಿಗೇರಿಯ ಲೆಕ್ಕ

ಹುಬ್ಬಳ್ಳಿಯಿಂದ ಬಂದು ಷಿಕಾಗೋ ಕಡೆ ನೆಲೆಸಿದ ತಂಗಿ, ನೀವು ನಿನ್ನೆ ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಮೊದಲ ಸಲ ಸ್ವಂತ ಮನೆ, ಹಿಂದೆ ಅಂಗೈಯಗಲ ಹಿತ್ತಲು, ಇಬ್ಬರು ಸಣ್ಣ ಮಕ್ಕಳು, ಹೊರಗೆ ಇನ್ನೂ ಹಿಮ. ಕೆಲಸವನ್ನು ಎಲ್ಲಿಂದ ಹಿಡಿಯಬೇಕು ಎಂದು ಕೇಳಿದ್ದೀರಿ. ನಾನು ಈಗ ತವರಿನಲ್ಲಿದ್ದೇನೆ, ಅಣ್ಣಿಗೇರಿಯಲ್ಲಿ. ಕಡಲೆಯ ರಾಶಿ ಮುಗಿದು ಹೊಲ ಬಯಲಾಗಿದೆ, ಮಧ್ಯಾಹ್ನ ಕಟ್ಟೆಯ ಮೇಲೆ ಬರಿಗಾಲು ಇಡಲಾಗದಷ್ಟು ಬಿಸಿಲು. ಮಕ್ಕಳು ಮತ್ತು ನಮ್ಮ ಮನೆಯವರು ಷಿಕಾಗೋ ಪಕ್ಕದ ನಮ್ಮ ಮನೆಯಲ್ಲಿದ್ದಾರೆ. ಹಾಗಾಗಿ ಈ ಸಲ ಹಿತ್ತಲಿನ ಕೆಲಸವನ್ನೆಲ್ಲ ಫೋನಿನಲ್ಲಿಯೇ ಹೇಳಿ ಮಾಡಿಸುತ್ತಿದ್ದೇನೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲ ವರ್ಷ ನಾವು ಏಪ್ರಿಲ್ ಮೂರನೇ ವಾರದ ನಾಲ್ಕು ದಿನದ ಬಿಸಿಲನ್ನು ನಂಬಿ ಟೊಮೆಟೊ ಅಗಿ, ಅಂದರೆ ಎಳೆಯ ಸಸಿ, ತಂದು ಹಚ್ಚಿದೆವು. ಒಂದೇ ರಾತ್ರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹನ್ನೆರಡೂ ಅಗಿ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಮಲಗಿದವು. ಆಗ ಐದು ವರ್ಷದವಳಾಗಿದ್ದ ಮಗಳು ತಾನು ನೀರು ಹಾಕಿದ್ದರಿಂದಲೇ ಅವು ಸತ್ತವು ಎಂದು ತಿಳಿದು ದಿನವಿಡೀ ಅತ್ತಳು. ಅಪ್ಪನಿಗೆ ಫೋನು ಮಾಡಿದಾಗ ಅವರು ಕೇಳಿದ್ದು ಒಂದೇ ಮಾತು: "ರೋಹಿಣಿ ಇನ್ನೂ ಎಷ್ಟು ದೂರ ಇದೆ, ಯಾಕೆ ಅವಸರ ಮಾಡಿದಿರಿ?"

ಆ ಮಾತು ನನಗೆ ತಿಂಗಳುಗಟ್ಟಲೆ ತಲೆಯಲ್ಲಿ ಉಳಿಯಿತು. ನಮ್ಮ ಮಳೆ ನಕ್ಷತ್ರಗಳು ಸೂರ್ಯನ ನಡೆಯನ್ನು ಹಿಡಿದವು, ಚಂದ್ರನ ತಿಥಿಯನ್ನಲ್ಲ. ಆದ್ದರಿಂದ ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ, ಎರಡು ವಾರಕ್ಕೊಂದರಂತೆ ಬದಲಾಗುತ್ತವೆ. ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ, ಭರಣಿ 27ರ ಸುಮಾರಿಗೆ, ಕೃತ್ತಿಕೆ ಮೇ 11ರ ಸುಮಾರಿಗೆ, ರೋಹಿಣಿ ಮೇ 25ರ ಸುಮಾರಿಗೆ. ಸೂರ್ಯ ಅಲ್ಲಿಯೂ ಇಲ್ಲಿಯೂ ಒಬ್ಬನೇ. ಷಿಕಾಗೋ ಕಡೆ ಮೇ ಎರಡನೇ ವಾರದವರೆಗೂ ಹೆಪ್ಪುಗಟ್ಟುವ ರಾತ್ರಿ ಬರಬಹುದು, ಅಲ್ಲಿಯವರು ತಾಯಂದಿರ ದಿನ ಕಳೆಯಲಿ ಎಂದು ಕಾಯುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಕೃತ್ತಿಕೆ. ಹೀಗೆ ನಮ್ಮ ಮನೆಯ ಫ್ರಿಜ್ ಮೇಲೆ ಮಗಳ ಕೈಬರಹದಲ್ಲಿ ಮಳೆಗಳ ಪಟ್ಟಿ ಬಂತು. ಅಶ್ವಿನಿಗೆ ಮೆಂತ್ಯ, ಕೊತ್ತಂಬರಿ, ಪಾಲಕ, ಬಟಾಣಿ. ಇವಕ್ಕೆ ತಂಪು ಬೇಕು, ತಡಮಾಡಿದರೆ ಕೊತ್ತಂಬರಿ ಎಲೆ ಕೊಡದೆ ಹೂವಿಗೆ ಓಡುತ್ತದೆ. ಕೃತ್ತಿಕೆಗೆ ಟೊಮೆಟೊ. ರೋಹಿಣಿಗೆ ಬೆಂಡೆ, ಹೀರೆ, ಪುಂಡಿಪಲ್ಯ, ಬದನೆ, ಮೆಣಸಿನ ಅಗಿ. ಬೆಂಡೆಯ ಬೀಜವನ್ನು ಒಂದು ರಾತ್ರಿ ನೆನೆಸಿ ಬಿತ್ತಬೇಕು. ಮಣ್ಣು ತಣ್ಣಗಿದ್ದರೆ ಅದು ಮೊಳೆಯುವುದಕ್ಕಿಂತ ಮೊದಲೇ ಕೊಳೆಯುತ್ತದೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬುದನ್ನು ನನ್ನ ಮಕ್ಕಳು ಜೋಳದ ಹೊಲ ನೋಡುವ ಮೊದಲೇ ಕಲಿತರು.

ಈಗ, ಮಾರ್ಚ್ ಮೊದಲ ವಾರದಲ್ಲಿ, ಹೊರಗೆ ಏನನ್ನೂ ಅಗೆಯಬೇಡಿ. ಹಿಮ ಕರಗಿದ ಮಣ್ಣು ನಮ್ಮ ಎರೆಮಣ್ಣಿನಂತೆಯೇ ಜಿಗಟು. ಹಸಿ ಇದ್ದಾಗ ತುಳಿದರೆ, ಸಲಿಕೆ ಹಾಕಿದರೆ ಹೆಂಟೆಯಾಗಿ ಇಡೀ ವರ್ಷ ಕಾಡುತ್ತದೆ. ಅಪ್ಪ ಹೊಲದಲ್ಲಿ ಮಾಡುವುದನ್ನೇ ಮಾಡಿ: ಒಂದು ಹಿಡಿ ಮಣ್ಣು ಹಿಚುಕಿ ಬೆರಳಿನಿಂದ ತಿವಿಯಿರಿ. ರೊಟ್ಟಿಯ ಹಿಟ್ಟಿನಂತೆ ಅಂಟಿಕೊಂಡರೆ ಬಿಡಿ, ಪುಡಿಯಾಗಿ ಉದುರಿದರೆ ಹದ ಬಂದಿದೆ. ಈ ಪರೀಕ್ಷೆಯನ್ನು ಮಕ್ಕಳ ಕೈಗೇ ಕೊಡಿ. "ಹದ" ಎಂಬ ಶಬ್ದಕ್ಕೆ ನನ್ನ ಮಗ ಇಂಗ್ಲಿಷ್ ಹುಡುಕುವುದನ್ನು ಬಿಟ್ಟಿದ್ದಾನೆ, ಇದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಒಳಗಿನ ಕೆಲಸ ಮಾತ್ರ ಈ ತಿಂಗಳೇ ಶುರುವಾಗಬೇಕು. ಮೆಣಸು, ಬದನೆಗಳ ಬೀಜವನ್ನು ಹೊರಗೆ ಹಚ್ಚುವುದಕ್ಕೆ ಎಂಟು ಹತ್ತು ವಾರ ಮೊದಲು ಒಳಗೆ ಹಾಕಬೇಕು, ಟೊಮೆಟೊಗೆ ಆರೇಳು ವಾರ ಸಾಕು. ಬೆಚ್ಚಗಿನ ಜಾಗ, ಮೊಳೆತ ಮೇಲೆ ಚೆನ್ನಾದ ಬೆಳಕು. ಕಿಟಕಿಯ ಬೆಳಕು ಸಾಲದೆ ಅಗಿ ಸಣಕಲಾಗಿ ಬಾಗುವುದುಂಟು, ಆದ್ದರಿಂದ ಒಂದು ಟ್ಯೂಬ್ ಲೈಟನ್ನು ನಾಲ್ಕು ಬೆರಳು ಮೇಲೆ ತೂಗುಹಾಕಿದ್ದೇವೆ. ಹೊರಗೆ ಹಚ್ಚುವ ಮೊದಲು ಒಂದು ವಾರ, ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಎಂಬಂತೆ ಗಾಳಿ ಬಿಸಿಲಿಗೆ ರೂಢಿ ಮಾಡಿಸಿ.

ಬೀಜದ ವಿಷಯದಲ್ಲಿ ಒಂದು ಮಾತು. ಬ್ಯಾಡಗಿ ಮೆಣಸಿನ ಬೀಜವನ್ನು ಊರಿನಿಂದ ಚೀಲದಲ್ಲಿ ಹಾಕಿಕೊಂಡು ಬರುವ ಆಸೆ ಎಲ್ಲರಿಗೂ ಆಗುತ್ತದೆ. ಅಮೆರಿಕಕ್ಕೆ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ವಿಮಾನ ನಿಲ್ದಾಣದಲ್ಲಿ ಹೇಳಲೂಬೇಕು. ಕರಿಬೇವಿನ ಸಸಿಯನ್ನಂತೂ ತರಲೇಬೇಡಿ. ನಿಂಬೆ, ಕಿತ್ತಳೆ ಮರಗಳನ್ನು ಕೊಲ್ಲುವ ರೋಗವನ್ನು ಹರಡುವ ಸಣ್ಣ ಕೀಟ ಅದರ ಎಲೆಯಲ್ಲಿ ಬದುಕುತ್ತದೆ. ಒಬ್ಬರ ಆಸೆಗೆ ಇನ್ನೊಬ್ಬ ರೈತನ ತೋಟ ಹೋಗಬಾರದು. ಅಲ್ಲಿಯೇ ಸಿಗುವ ಸಸಿ, ಬೀಜ ಕೊಳ್ಳಿ.

ವರ್ಷ ವರ್ಷವೂ ತಾವೇ ಚಿಗುರುವ ಗಿಡಗಳಿಗೆ ಅವಸರ ಇನ್ನೂ ಕೆಟ್ಟದ್ದು. ಒಣಗಿದ ಟೊಳ್ಳು ದಂಟುಗಳೊಳಗೆ ಸಣ್ಣ ಜೇನುಹುಳುಗಳು ಚಳಿಗಾಲ ಕಳೆಯುತ್ತವೆ. ಹಗಲು 10 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತ ಮೇಲೆಯೇ ಕತ್ತರಿಸುತ್ತೇವೆ. ಥರ್ಮಾಮೀಟರ್ ನೋಡಿ ಬರೆದಿಡುವ ಕೆಲಸ ಮಗನದು. ಸೇವಂತಿಗೆಯ ಬುಡವನ್ನು ಚಿಗುರು ಕಂಡಾಗ ಅಗೆದು ಹೋಳು ಮಾಡಿ ಹಂಚಬಹುದು. ಪಿಯೋನಿ ಹೂಗಿಡದ ಬುಡವನ್ನು ಈಗ ಮುಟ್ಟಬೇಡಿ, ಅದಕ್ಕೆ ಶರತ್ಕಾಲವೇ ಸರಿ. ಅಗಲ ಎಲೆಯ ಹೈಡ್ರೇಂಜಿಯಾವನ್ನು ವಸಂತದಲ್ಲಿ ಸವರಿದರೆ ಆ ವರ್ಷದ ಹೂವೇ ಹೋಗುತ್ತದೆ, ಹಳೆಯ ಕಡ್ಡಿಯಲ್ಲಿಯೇ ಅದರ ಮೊಗ್ಗು ಇರುತ್ತದೆ. ರುಬಾರ್ಬ್ ಎಂಬ ಗಿಡದ ತಿನ್ನುವ ದಂಟು ಪುಂಡಿಪಲ್ಯದ ಹುಳಿಯನ್ನು ನೆನಪಿಸುತ್ತದೆ, ಆದರೆ ಎಲೆ ವಿಷ. ಮಕ್ಕಳಿಗೆ ತೋರಿಸಿಯೇ ಹೇಳಿ. ಆಸ್ಪರಾಗಸ್ ಎಂಬ ತರಕಾರಿಯ ಬೇರು ನೆಟ್ಟರೆ ಎರಡು ವರ್ಷ ಕೊಯ್ಯದೆ ಬಿಡಬೇಕು, ಆಮೇಲೆ ಹದಿನೈದು ವರ್ಷ ಕೊಡುತ್ತದೆ. ನಮ್ಮದು ಮಗ ಹುಟ್ಟಿದ ವರ್ಷ ನೆಟ್ಟದ್ದು, ಅದನ್ನು ಅವನು ತಮ್ಮ ಎಂದೇ ಕರೆಯುತ್ತಾನೆ.

ಹುಲ್ಲಿನಲ್ಲಿ ಹಳದಿ ಹೂವಿನ ಡ್ಯಾಂಡೆಲಿಯನ್ ಎದ್ದರೆ ಗಾಬರಿಯಾಗಬೇಡಿ. ನಮ್ಮ ಹಕ್ಕರಿಕೆ ಪಲ್ಯದ ಬಳಗದ್ದು ಅದು. ಔಷಧಿ ಸಿಂಪಡಿಸದ ಜಾಗದ ಎಳೆಯ ಎಲೆಯನ್ನು ತೊಳೆದು ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಹಸಿಯಾಗಿಯೇ ತಿನ್ನುತ್ತೇವೆ.

ನಾನು 22ಕ್ಕೆ ಹಿಂದಿರುಗುತ್ತೇನೆ. ಮಗಳು ಮೂವತ್ತು ಮೆಣಸಿನ ಬೀಜ ಹಾಕಿದ್ದಾಳೆ, ನಮಗೆ ಎಂಟು ಗಿಡ ಸಾಕು. ಉಳಿದ ಅಗಿಯನ್ನು ಕೃತ್ತಿಕೆ ಹುಟ್ಟಿದ ಮೇಲೆ ಬಂದು ಒಯ್ಯಿರಿ. ಬರುವಾಗ ಮಕ್ಕಳನ್ನು ಕರೆತನ್ನಿ, ತಮ್ಮ ಅಗಿಯನ್ನು ಅವರೇ ಆರಿಸಿಕೊಳ್ಳಲಿ.