ಮದುವೆಗೆ ಪುನರ್ಪುಳಿ ಶರಬತ್ತು: ಬಣ್ಣ ಕೆಟ್ಟಿತು, ಸಾಲು ಬೆಳೆಯಿತು. ಈ ಸಲ ಹೇಗೆ ಸರಿ ಮಾಡುವುದು?

ಬೋಳೂರು ಅಣ್ಣ

ಮೇ ತಿಂಗಳಲ್ಲಿ ತಂಗಿಯ ಮದುವೆ. ಮಂಗಳೂರಿನ ಕದ್ರಿ ಕಡೆಯ ಹಾಲ್. 700 ಜನರ ಲೆಕ್ಕ ಉಂಟು. ಮುಹೂರ್ತ ಮಧ್ಯಾಹ್ನ 12.05ಕ್ಕೆ. ಬಂದವರಿಗೆ ಆಸರಿಗೆ (ಬಾಯಾರಿಕೆಗೆ ಕುಡಿಯಲಿಕ್ಕೆ) ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಎರಡು ತಿಂಗಳ ಹಿಂದೆ ನಿಶ್ಚಿತಾರ್ಥ ಆಯಿತು. ಬರೀ 200 ಜನ. ಪುನರ್ಪುಳಿ (ಕೋಕಂ ಹಣ್ಣು) ಶರಬತ್ತು ಮಾಡಿಸಿದ್ದೆವು. ಅಡುಗೆಯವರು ಹಿಂದಿನ ರಾತ್ರಿಯೇ ಅಲ್ಯೂಮಿನಿಯಂ ಕೊಪ್ಪರಿಗೆಯಲ್ಲಿ ಎಲ್ಲವನ್ನೂ ಕಲಸಿ ಇಟ್ಟರು. ಬೆಳಿಗ್ಗೆ ನೋಡಿದರೆ ಆ ಕೆಂಪು ಹೋಗಿ ಮಣ್ಣಿನ ಬಣ್ಣ ಬಂದಿತ್ತು. ಬಾಯಿಗೆ ಇಟ್ಟರೆ ಕಬ್ಬಿಣ ನೆಕ್ಕಿದ ಹಾಗೆ. ಮೇಲಿಂದ ಐಸ್ ಸುರಿದರು, ಅರ್ಧ ಗಂಟೆಯಲ್ಲಿ ಸಪ್ಪೆ ನೀರಾಯಿತು. ಬಾಗಿಲಲ್ಲೇ ಕೌಂಟರ್ ಇಟ್ಟಿದ್ದರಿಂದ ವಯಸ್ಸಾದವರು ಬಿಸಿಲಲ್ಲಿ ಸಾಲು ನಿಂತರು. "ನೆಂಟರಿಗೆ ಒಂದು ಲೋಟ ನೀರು ಸರಿಯಾಗಿ ಕೊಡಲಿಕ್ಕೆ ಆಗಲಿಲ್ಲ" ಎಂದು ಅಜ್ಜಿ ಹೇಳಿದ್ದು ಇನ್ನೂ ಮನಸ್ಸಿಂದ ಹೋಗಿಲ್ಲ.

ಪುನರ್ಪುಳಿಯೇ ಬೇಕು ಅಂತ ತಂಗಿಗೆ ಆಸೆ. ತಪ್ಪು ಎಲ್ಲಿ ಆಯಿತು? ಎಷ್ಟು ಮಾಡಬೇಕು? ಗಂಡಿನ ಕಡೆಯ ದಿಬ್ಬಣ ಕುಂದಾಪುರದಿಂದ ಮೂರು ಬಸ್ಸಲ್ಲಿ ಬರುತ್ತದೆ. ಅಷ್ಟೂ ಜನ ಒಟ್ಟಿಗೆ ಇಳಿದಾಗ ಏನು ಮಾಡುವುದು?

ಕಾರ್ಕಳ ಅಡುಗೆಮನೆ

ನಿಮ್ಮ ಶರಬತ್ತು ಕೆಟ್ಟದ್ದು ಪಾತ್ರೆಯಿಂದ. ಪುನರ್ಪುಳಿ ಒಳ್ಳೆ ಹುಳಿ. ಆ ಹುಳಿ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ. ಒಂದು ರಾತ್ರಿ ಇಟ್ಟರಂತೂ ಕೇಳುವುದೇ ಬೇಡ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯೂ ಬೇಡ. ಸ್ಟೀಲ್ ಪಾತ್ರೆ ಇಲ್ಲವೇ ಪಿಂಗಾಣಿ ಭರಣಿ ಮಾತ್ರ. ನೀರನ್ನೂ ನೋಡಿಕೊಳ್ಳಿ. ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರಲ್ಲಿ ಬಣ್ಣ ಕಪ್ಪಾಗುತ್ತದೆ.

ಸಿಪ್ಪೆ ತರುವಾಗ ಒಂದು ಚೂರು ಬಾಯಿಗೆ ಹಾಕಿ ನೋಡಿ. ಸಾರಿಗೆ ಅಂತ ಒಣಗಿಸಿದ್ದಕ್ಕೆ ಉಪ್ಪು ಹಾಕಿರುತ್ತಾರೆ. ಶರಬತ್ತಿಗೆ ಉಪ್ಪಿಲ್ಲದ್ದೇ ಬೇಕು.

ಕುಡಿಯುವ ಹದಕ್ಕೆ ಮೊದಲೇ ಕಲಸಿ ಇಡಬೇಡಿ. ಗಟ್ಟಿ ರಸ ಮಾಡಿ. ನಾನು ಮಾಡುವ ಅಳತೆ ಹೇಳುತ್ತೇನೆ: ಕುಡಿಯುವ ಶರಬತ್ತು 1 ಲೀಟರಿಗೆ ಒಣ ಸಿಪ್ಪೆ 30 ಗ್ರಾಂ, ಸಕ್ಕರೆ 100 ಗ್ರಾಂ. ಕುದಿಸಿ ಆರಿಸಿದ ನೀರಲ್ಲಿ ಸಿಪ್ಪೆಯನ್ನು ನಾಲ್ಕೈದು ಗಂಟೆ ನೆನೆಸಿ. ಚೆನ್ನಾಗಿ ಹಿಂಡಿ, ಸೋಸಿ, ಸಕ್ಕರೆ ಹಾಕಿ ಒಂದು ಕುದಿ ಬರಿಸಿ ಇಳಿಸಿ. ಜಾಸ್ತಿ ಹೊತ್ತು ಕುದಿಸಿದರೆ ಕೆಂಪು ಕಂದಾಗುತ್ತದೆ. ಸಣ್ಣ ಕ್ಯಾನ್‌ಗಳಿಗೆ ತುಂಬಿಸಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನಕ್ಕೆ ಏನೂ ಆಗುವುದಿಲ್ಲ. ಹಾಲ್‌ನಲ್ಲಿ ಒಂದು ಪಾಲು ರಸಕ್ಕೆ ನಾಲ್ಕು ಪಾಲು ತಣ್ಣನೆ ನೀರು. ಚಿಟಿಕೆ ಉಪ್ಪು, ಸ್ವಲ್ಪ ಹುರಿದ ಜೀರಿಗೆ ಪುಡಿ.

ಬಡಿಸುವವ

ಹನ್ನೆರಡು ವರ್ಷದಿಂದ ಮದುವೆ ಊಟ ಬಡಿಸುತ್ತಿದ್ದೇನೆ. ಲೆಕ್ಕ ಹೀಗೆ. ಲೋಟಕ್ಕೆ 150 ಮಿಲಿ. ಮೇ ಸೆಕೆಗೆ ಒಬ್ಬರಿಗೆ ಒಂದೂವರೆ ಲೋಟ. 700 ಜನರಿಗೆ ಸುಮಾರು 160 ಲೀಟರ್ ಆಯಿತು. ಎಲ್ಲವನ್ನೂ ಪುನರ್ಪುಳಿಯೇ ಮಾಡಬೇಡಿ. 95 ಲೀಟರ್ ಪುನರ್ಪುಳಿ, 65 ಲೀಟರ್ ಮಸಾಲೆ ಮಜ್ಜಿಗೆ ಇರಲಿ. ಸಕ್ಕರೆ ಕಾಯಿಲೆಯವರು ಮಜ್ಜಿಗೆಯನ್ನೇ ಕೇಳುತ್ತಾರೆ. ಹಾಗಾದರೆ ಗಟ್ಟಿ ರಸ 19 ಲೀಟರ್, ಸಿಪ್ಪೆ 3 ಕಿಲೋ, ಸಕ್ಕರೆ ಒಂಬತ್ತೂವರೆ ಕಿಲೋ ಸಾಕು. ಮಜ್ಜಿಗೆಗೆ 16 ಲೀಟರ್ ಮೊಸರು. ಅದನ್ನೂ ತಣ್ಣಗೆ ಇಟ್ಟು, ಕೊಡುವ ಹೊತ್ತಿಗೆ ಕಡೆದು ನೀರು ಸೇರಿಸಿ. ಬೆಳಿಗ್ಗೆಯೇ ಮಾಡಿಟ್ಟರೆ ಹನ್ನೊಂದು ಗಂಟೆಗೆ ಹುಳಿ ಬಂದಿರುತ್ತದೆ.

ಈಗ ಸಾಲಿನ ವಿಷಯ. ಮುಹೂರ್ತಕ್ಕೆ ಮುಂಚಿನ ಮುಕ್ಕಾಲು ಗಂಟೆಯಲ್ಲೇ ಹೆಚ್ಚಿನವರು ಬರುವುದು. 500 ಜನ ಅಂತ ಇಟ್ಟುಕೊಳ್ಳಿ, ನಿಮಿಷಕ್ಕೆ 11 ಲೋಟ ಬೇಕು. ಒಬ್ಬ ಹುಡುಗ ಆರೇಳು ಲೋಟ ತುಂಬಿಸಬಹುದು, ಅಷ್ಟೇ. ನಿಮ್ಮಲ್ಲಿ ಒಬ್ಬನೇ ಇದ್ದಿರಬೇಕು, ಅಲ್ವಾ?

ಬಾಗಿಲಲ್ಲಿ ಕೌಂಟರ್ ಇಡಲೇಬೇಡಿ ಮಾರಾಯ್ರೆ. ಒಳಗೆ ಎರಡು ಮೂಲೆಯಲ್ಲಿ ತುಂಬಿಸುವ ಮೇಜು, ಮೇಜಿಗೆ ಇಬ್ಬರು. ಆರು ಜನ ಟ್ರೇ ಹಿಡಿದು ಕುರ್ಚಿಯ ಹತ್ತಿರ ಹೋಗಲಿ. ಕುಳಿತವರ ಕೈಗೆ ಲೋಟ ಬಂದರೆ ಸಾಲು ಎಂಬುದೇ ಇಲ್ಲ. ಸ್ಟೀಲ್ ಲೋಟ 300 ಇದ್ದರೆ ತೊಳೆದು ತೊಳೆದು ಸುಧಾರಿಸಬಹುದು. ಪ್ಲಾಸ್ಟಿಕ್ ಲೋಟ ತರಲು ಹೋಗಬೇಡಿ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ಅದಕ್ಕೆ ನಿಷೇಧ ಉಂಟು.

ಉಡುಪಿ ಸಿಸ್ಟರ್

ಯಾರೂ ಐಸ್ ಬಗ್ಗೆ ಹೇಳಲಿಲ್ಲ. ನಾನು ನರ್ಸ್. ಇದನ್ನು ದಯವಿಟ್ಟು ಓದಿ.

ನಮ್ಮ ಕರಾವಳಿಯಲ್ಲಿ ಐಸ್ ಪ್ಲಾಂಟ್‌ಗಳು ಇರುವುದೇ ಹೆಚ್ಚಾಗಿ ಮೀನಿಗೋಸ್ಕರ. ಆ ಗಡ್ಡೆ ಐಸ್ ಕುಡಿಯುವ ನೀರಿಂದಲೇ ಮಾಡಿದ್ದು ಎಂಬ ಭರವಸೆ ಇಲ್ಲ. ಅದನ್ನು ಒಡೆದು ಶರಬತ್ತಿಗೆ ಹಾಕಿದರೆ ಹೆಪಟೈಟಿಸ್ ಎ, ಟೈಫಾಯ್ಡ್, ವಾಂತಿ-ಭೇದಿ ಎಲ್ಲ ಬರಬಹುದು. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಜಾಂಡೀಸ್ ಹರಡಿದಾಗ ಒಂದು ಮದುವೆಯ ವೆಲ್‌ಕಮ್ ಡ್ರಿಂಕ್ ಮೇಲೇ ಸಂಶಯ ಬಂದಿತ್ತು. ಹೆಪಟೈಟಿಸ್ ಎಯಿಂದ ಬರುವ ಈ ಜಾಂಡೀಸ್ ಕುಡಿದ ಮರುದಿನ ಕಾಣಿಸುವುದಿಲ್ಲ. 15ರಿಂದ 50 ದಿನದ ನಡುವೆ ಯಾವಾಗ ಬೇಕಾದರೂ ಬರಬಹುದು. ಅಷ್ಟು ಹೊತ್ತಿಗೆ ಮದುವೆಯ ನೆನಪೇ ಯಾರಿಗೂ ಇರುವುದಿಲ್ಲ.

ಐಸ್ ಪಾತ್ರೆಯ ಹೊರಗೆ ಇರಲಿ, ಒಳಗೆ ಬೇಡ. ಅಗಲದ ಟಬ್‌ನಲ್ಲಿ ಐಸ್, ಅದರೊಳಗೆ 20 ಲೀಟರಿನ ಮುಚ್ಚಿದ ಸ್ಟೀಲ್ ಕ್ಯಾನ್. ಐಸ್‌ಗೆ ಕಲ್ಲುಪ್ಪು ಹಾಕಿದರೆ ಇನ್ನೂ ತಣ್ಣಗಾಗುತ್ತದೆ. ಟಬ್‌ನ ನೀರು ಕ್ಯಾನ್‌ನ ಬಾಯಿಗೆ ತಾಗಬಾರದು. ಕಲಸುವ ನೀರು ಹಿಂದಿನ ದಿನ ಕುದಿಸಿ ಆರಿಸಿದ್ದೇ ಆಗಬೇಕು. ಹೀಗೆ ಮಾಡಿದರೆ ನಿಮ್ಮ ಸಪ್ಪೆಯಾಗುವ ಸಮಸ್ಯೆಯೂ ಹೋಗುತ್ತದೆ.

ಕಾರ್ಕಳ ಅಡುಗೆಮನೆ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದು ಮಾತು. ಶರಬತ್ತು ತಡವಾದರೂ ಬಾಗಿಲಲ್ಲಿ ಬೆಲ್ಲ-ನೀರು ತಪ್ಪಬಾರದು. ಓಲೆಬೆಲ್ಲ ಸಿಕ್ಕಿದರೆ ತುಂಬ ಒಳ್ಳೆಯದು. ಸಣ್ಣ ತುಂಡು ಮಾಡಿ ಹರಿವಾಣದಲ್ಲಿಡಿ. ಮನೆಯವರೇ ಇಬ್ಬರು ನಿಂತು ಕೊಡಲಿ. ತುಳುನಾಡಿನಲ್ಲಿ ನೆಂಟರನ್ನು ಕರೆಯುವ ರೀತಿಯೇ ಅದು. ಬಸ್ಸಿಂದ ಇಳಿದವರು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಒಳಗೆ ಹೋಗಿ ಕೂರುತ್ತಾರೆ. ಟ್ರೇಯವರಿಗೂ ಹತ್ತು ನಿಮಿಷ ಸಿಗುತ್ತದೆ.

ಬೋಳೂರು ಅಣ್ಣ

ಕಳೆದ ಭಾನುವಾರ 5 ಲೀಟರ್ ಮಾಡಿ ನೋಡಿದೆ. ಅದೇ ಸಿಪ್ಪೆ, ಅರ್ಧ ಸ್ಟೀಲ್‌ನಲ್ಲಿ, ಅರ್ಧ ಅಲ್ಯೂಮಿನಿಯಂನಲ್ಲಿ, ರಾತ್ರಿಯಿಡೀ. ಬೆಳಿಗ್ಗೆ ಎರಡು ಲೋಟ ಪಕ್ಕ ಪಕ್ಕ ಇಟ್ಟೆ. ಬೇರೆ ಏನೂ ಹೇಳಬೇಕಾಗಿಲ್ಲ. ಅಜ್ಜಿ ಸ್ಟೀಲ್‌ನದ್ದನ್ನು ಕುಡಿದು ಇನ್ನೊಂದು ಲೋಟ ಕೇಳಿದರು.

ಒಂದು ಸಂಶಯ ಉಳಿಯಿತು. ದಿಬ್ಬಣ ಬೇಗ ಬಂದರೆ ಅಥವಾ ತಡವಾದರೆ? ಯಾವಾಗ ಕಲಸಲಿ?

ಬಡಿಸುವವ

ಬಸ್ಸಲ್ಲಿ ಬರುವ ಒಬ್ಬರ ನಂಬರ್ ಇಟ್ಟುಕೊಳ್ಳಿ. ಹೆಜಮಾಡಿ ಟೋಲ್ ದಾಟಿದ ಕೂಡಲೇ ಫೋನ್ ಮಾಡಲಿಕ್ಕೆ ಹೇಳಿ. ಅಲ್ಲಿಂದ ಕದ್ರಿಗೆ ಮುಕ್ಕಾಲು ಗಂಟೆಯಾದರೂ ಬೇಕು. ಆಗ ಮೊದಲ ಎರಡು ಕ್ಯಾನ್ ಕಲಸಿ ಐಸ್ ಟಬ್‌ಗೆ ಇಳಿಸಿ. ಉಳಿದದ್ದು ಖಾಲಿಯಾದ ಹಾಗೆ.

ಬೋಳೂರು ಅಣ್ಣ

ಮದುವೆ ಚೆನ್ನಾಗಿ ಆಯಿತು. ಹೆಜಮಾಡಿಯ ಫೋನ್ 10.20ಕ್ಕೆ ಬಂತು. ಬಸ್ಸು 11.15ಕ್ಕೆ ಬಂತು. ಬಾಗಿಲಲ್ಲಿ ಅಜ್ಜಿಯೇ ಬೆಲ್ಲದ ಹರಿವಾಣ ಹಿಡಿದು ಕೂತಿದ್ದರು. ಒಂದು ಕಡೆಯೂ ಸಾಲು ಆಗಲಿಲ್ಲ. ಪುನರ್ಪುಳಿ ಮುಹೂರ್ತದ ಹೊತ್ತಿಗೆ ಮುಗಿಯುತ್ತಾ ಬಂತು, ಮಜ್ಜಿಗೆ ಸುಮಾರು 20 ಲೀಟರ್ ಉಳಿಯಿತು. ಊಟದಲ್ಲಿ ಬಡಿಸಿದೆವು. ಇನ್ನು ಯಾರಾದರೂ ಇದೇ ಲೆಕ್ಕ ಹಿಡಿಯುವುದಾದರೆ ಪುನರ್ಪುಳಿ 115, ಮಜ್ಜಿಗೆ 45 ಇಟ್ಟುಕೊಳ್ಳಿ. ಗಟ್ಟಿ ರಸ ಎರಡು ಲೀಟರ್ ಉಳಿದಿತ್ತು ಅಂತ ಸಂಜೆ ಗೊತ್ತಾಯಿತು. ಒಂದು ಕ್ಯಾನ್ ಫ್ರಿಜ್‌ನ ಒಳಗೇ ಹಿಂದಕ್ಕೆ ಸರಿದು ಹೋಗಿತ್ತು. ಅದನ್ನು ತಂಗಿ ಗಂಡನ ಮನೆಗೆ ತೆಗೆದುಕೊಂಡು ಹೋದಳು.