ಮೂರಡಿ ಗಿಡದ ಟ್ಯಾಂಕ್‌ಗೆ ಯಾವ ಫಿಲ್ಟರ್ ಹಾಕ್ಲಿ?

ಪ್ರಶ್ನೆ: ನಮಸ್ಕಾರ ಸರ್, ತುಮಕೂರಿಂದ ಬರೀತಿದೀನಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸಿದೀನಿ. ಇಷ್ಟು ವರ್ಷ ಬರೀ ಗೋಲ್ಡ್‌ಫಿಶ್ ಸಾಕಿದ್ದು, ಈ ಸಲ ಗಿಡ ಬೆಳೆಸ್ಬೇಕು ಅಂತ ತುಂಬಾ ಆಸೆ. ಅಂಗಡಿಯವರು ಗಂಟೆಗೆ 2000 ಲೀಟರ್ ಕ್ಯಾನಿಸ್ಟರ್ (ಟ್ಯಾಂಕ್ ಹೊರಗಡೆ ಇಡೋ ಡಬ್ಬದ ಫಿಲ್ಟರ್), ಯುವಿ ದೀಪ, ಕಾರ್ಬನ್, ಗಾಳಿ ಗುಳ್ಳೆ ಬಿಡೋ ಎರಡು ಏರ್‌ಸ್ಟೋನ್ ಎಲ್ಲಾ ಬೇಕೇ ಬೇಕು ಅಂತಾರೆ. ನಮ್ಮದು ಬೋರ್‌ವೆಲ್ ನೀರು, ಬೇಸಿಗೇಲಿ ಕರೆಂಟ್ ಮೂರ್ನಾಲ್ಕು ಗಂಟೆ ಹೋಗ್ತಾ ಇರುತ್ತೆ. ಟ್ಯಾಂಕು ಸ್ಟ್ಯಾಂಡು ಬಿಟ್ಟು ಹದಿನೈದು ಸಾವಿರ ಇಟ್ಕೊಂಡಿದೀನಿ. ಏನು ತಗೊಳ್ಲಿ?

ಉತ್ತರ: ನಮಸ್ಕಾರ ಸರ್. ನಿಮ್ಮ ಟ್ಯಾಂಕ್ ಅಂಚಿನವರೆಗೂ ತುಂಬಿದ್ರೆ ಸುಮಾರು 190 ಲೀಟರ್, ಮಣ್ಣು ಕಲ್ಲು ಕಟ್ಟಿಗೆ ಹಾಕಿದ್ಮೇಲೆ ನೀರು ಒಂದು 150-160 ಲೀಟರ್ ಉಳಿಯುತ್ತೆ ಅಷ್ಟೆ. ಫಿಲ್ಟರ್ ಡಬ್ಬದ ಮೇಲೆ ಬರೆದಿರೋ ಲೀಟರ್ ಲೆಕ್ಕ ಒಳಗಡೆ ಏನೂ ತುಂಬದೆ ಅಳೆದಿದ್ದು, ಸ್ಪಾಂಜು ರಿಂಗು ತುಂಬಿ ಪೈಪ್ ಮೇಲಕ್ಕೆ ಹತ್ತಿಸಿದ್ರೆ ಅದ್ರಲ್ಲಿ ತುಂಬಾ ಕಮ್ಮಿಯಾಗುತ್ತೆ, ಆದ್ರೂ ನಿಮಗೆ ಗಂಟೆಗೆ 1000ದಿಂದ 1200 ಲೀಟರಿಂದು ಸಾಕು. ಗಿಡದ ಟ್ಯಾಂಕಲ್ಲಿ ಫಿಲ್ಟರ್ ಕೊಳೆ ಹಿಡಿಯೋದು ಒಂದು ಕೆಲಸ, ನೀರನ್ನ ಎಲ್ಲಾ ಎಲೆಗೂ ಮುಟ್ಟಿಸೋದು ಇನ್ನೊಂದು, ಎರಡನೇದನ್ನ ಜನ ಮರೀತಾರೆ. ಫಿಲ್ಟರಿಂದ ನೀರು ವಾಪಸ್ ಬರೋ ಪೈಪನ್ನ ಟ್ಯಾಂಕಿನ ಒಂದು ಪಕ್ಕದಲ್ಲಿ, ನೀರು ಉದ್ದಕ್ಕೆ ಹರಿಯೋ ಹಾಗೆ ಇಡಿ, ಎದುರು ಮೂಲೆಯ ಗಿಡ ನಿಧಾನಕ್ಕೆ ತೂಗ್ತಾ ಇದ್ರೆ ಸರಿ ಇದೆ ಅಂತ ಲೆಕ್ಕ. ಎಲೆ ಅಡ್ಡ ಮಲಗಿದ್ರೆ ಜಾಸ್ತಿ ಆಯ್ತು.

ಕಾರ್ಬನ್ ಈಗ ಬೇಡ, ಮೀನಿಗೆ ಔಷಧಿ ಹಾಕಿದ್ದನ್ನ ಆಮೇಲೆ ತೆಗೆಯೋಕೆ ಮುಖ್ಯವಾಗಿ ಅದು ಬೇಕಾಗುತ್ತೆ. ಆ ಜಾಗಕ್ಕೆ ಬ್ಯಾಕ್ಟೀರಿಯಾ ಕೂರೋ ಸೆರಾಮಿಕ್ ರಿಂಗ್ ತುಂಬಿ, ನೀರು ಮೊದಲು ಒರಟು ಸ್ಪಾಂಜು ದಾಟಿ ಬರ್ಲಿ. ಯುವಿ, ನೀರು ಹಸಿರಾಗಿ ತಿರುಗಿದ್ರೆ ಆವಾಗ ನೋಡೋಣ.

ಈಗ ನಿಜವಾದ ವಿಷಯ ಕರೆಂಟ್. ಕ್ಯಾನಿಸ್ಟರ್ ಅಂದ್ರೆ ಮುಚ್ಚಿದ ಡಬ್ಬ, ಒಳಗೆ ಕೂತು ಮೀನಿನ ತ್ಯಾಜ್ಯದ ಅಮೋನಿಯ ತಿನ್ನೋ ಬ್ಯಾಕ್ಟೀರಿಯಾಗೆ ಹರಿಯೋ ನೀರಲ್ಲಿ ಬರೋ ಆಮ್ಲಜನಕವೇ ಉಸಿರು. ಮೋಟಾರ್ ನಿಂತ್ರೆ ಆ ನೀರಲ್ಲಿರೋದು ಖಾಲಿಯಾಗಿ ಅವು ಸಾಯೋಕೆ ಶುರು ಮಾಡ್ತವೆ. ದಾವಣಗೆರೆ ಕಡೆ ಒಬ್ರ ಮನೇಲಿ ನಾನು ಸೆಟ್ ಮಾಡಿದ್ದ ಟ್ಯಾಂಕಲ್ಲಿ ರಾತ್ರಿಯಿಡೀ ಕರೆಂಟ್ ಇರ್ಲಿಲ್ಲ, ಬೆಳಗ್ಗೆ ತಾನೇ ಆನ್ ಆಗಿ ಡಬ್ಬದಲ್ಲಿ ಕೊಳೆತ ನೀರೆಲ್ಲಾ ಒಳಗೆ ನುಗ್ಗಿ ಮಧ್ಯಾಹ್ನದಷ್ಟೊತ್ತಿಗೆ ಟೆಟ್ರಾ ಮೀನುಗಳು ಸತ್ತು ಸಾಲಾಗಿ ತೇಲ್ತಿದ್ವು. ಅದನ್ನ ಮೊದಲೇ ಹೇಳಿಕೊಡದೆ ಹೋದೆನಲ್ಲ ಅಂತ ಇವತ್ತಿಗೂ ಬೇಜಾರು. ಹಂಗಾಗಿ ಮನೆ ಇನ್ವರ್ಟರ್ ಇದ್ರೆ ಅದಕ್ಕೆ ಹಾಕಿ, ಈ ಸೈಜಿನ ಮೋಟಾರು ತಿನ್ನೋದು ಒಂದು ಬಲ್ಬಿನಷ್ಟು ಅಷ್ಟೆ, ಆದ್ರೆ ಸೈನ್ ವೇವ್ ಇನ್ವರ್ಟರ್ ಆಗಿರ್ಬೇಕು, ಸ್ಕ್ವೇರ್ ವೇವಲ್ಲಿ ಗುಂಯ್ ಅಂತ ಸದ್ದು ಮಾಡ್ತಾ ಬಿಸಿಯಾಗುತ್ತೆ. ಇಲ್ಲಾಂದ್ರೆ ಪಕ್ಕದಲ್ಲಿ ಒಂದು ಚಿಕ್ಕ ಸ್ಪಾಂಜ್ ಫಿಲ್ಟರ್, ಅದಕ್ಕೆ ಬ್ಯಾಟರಿ ಏರ್ ಪಂಪ್. ಏರ್‌ಸ್ಟೋನ್ ಬದಲು ಆ ದುಡ್ಡು ಇಲ್ಲಿ ಹಾಕಿ. ತುಂಬಾ ಹೊತ್ತು ನಿಂತಿದ್ರೆ ಹಂಗೇ ಆನ್ ಮಾಡ್ಬೇಡಿ, ಡಬ್ಬದ ನೀರು ಚೆಲ್ಲಿ ಟ್ಯಾಂಕ್ ನೀರಲ್ಲೇ ಜಾಲಾಡಿಸಿ ಹಾಕಿ.

ಗಿಡಕ್ಕೆ ಸಿಒಟು (ಇಂಗಾಲದ ಡೈಆಕ್ಸೈಡ್) ಗ್ಯಾಸ್ ಬಿಡೋದು ಈ ಬಜೆಟ್‌ನಲ್ಲಿ ಬೇಡ. ಸಾಧಾರಣ ಎಲ್‌ಇಡಿ ಒಂದು, ಟೈಮರ್ ಹಾಕಿ ದಿನಕ್ಕೆ ಆರೇಳು ಗಂಟೆ, ಅದಕ್ಕಿಂತ ಜಾಸ್ತಿ ಉರಿಸಿದ್ರೆ ಪಾಚಿ ಬರುತ್ತೆ. ಬೋರ್ ನೀರು ಗಡಸಾಗಿರುತ್ತೆ, ಕಾಯಿಸಿದ ಪಾತ್ರೇಲಿ ಬಿಳಿ ಪೊರೆ ಕಟ್ಟುತ್ತಾ ನೋಡಿ, ಗಡಸುತನ ಅಳೆಯೋ ಜಿಎಚ್ ಕೆಎಚ್ ಡ್ರಾಪ್ ಕಿಟ್ ಒಂದು ತಗೊಳ್ಳಿ. ವ್ಯಾಲಿಸ್ನೇರಿಯಾ, ಅನೂಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್ ಇವು ಅಂಥ ನೀರಲ್ಲೂ ಬೆಳೀತವೆ. ತೀರಾ ಗಡಸಿದ್ರೆ ಅರ್ಧ ಆರ್‌ಒ ನೀರು ಬೆರೆಸಿ. ಉಪ್ಪು ಹಾಕೋ ಸಾಫ್ಟನರ್ ನೀರು ಮಾತ್ರ ಟ್ಯಾಂಕಿಗೆ ಹಾಕ್ಬೇಡಿ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ತುಂಬುತ್ತೆ, ಗಿಡಕ್ಕೆ ಒಳ್ಳೇದಲ್ಲ.

ಪ್ರಶ್ನೆ: ಸರ್, ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನಾನು ಬೆಂಗಳೂರು, ಕಾವೇರಿ ನೀರು. ಸ್ಪಾಂಜನ್ನ ವಾರವಾರ ನಲ್ಲಿ ಕೆಳಗೆ ಬಿಳಿಯಾಗೋವರೆಗೂ ತೊಳೀತೀನಿ, ಆದ್ರೂ ಎರಡನೇ ದಿನಕ್ಕೆ ನೀರು ಹಾಲಿನ ತರ ಮಂಕಾಗುತ್ತೆ.

ಉತ್ತರ: ಮೇಡಂ, ಆ ತೊಳೆಯೋದೇ ಕಾರಣ ಇರ್ಬೇಕು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಸ್ಪಾಂಜಿನ ಕಂದು ಕೊಳೆಯಲ್ಲಿ ಕೂತಿದ್ದ ಬ್ಯಾಕ್ಟೀರಿಯಾ ಸಾಯುತ್ತೆ, ಮೀನಿನ ಅಮೋನಿಯ ತಿನ್ನೋರು ಯಾರೂ ಇರಲ್ಲ. ನೀರು ಬದಲಿಸುವಾಗ ತೆಗೆದ ಬಕೆಟ್ ನೀರಲ್ಲೇ ಎರಡು ಸಲ ಹಿಂಡಿ ಸಾಕು, ಅದೂ ಹರಿವು ಕಮ್ಮಿ ಆದಾಗ. ಸ್ಪಾಂಜು ರಿಂಗು ಎಲ್ಲಾ ಒಂದೇ ದಿನ ಮುಟ್ಬೇಡಿ. ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕೋದು ಮರೀಬೇಡಿ.

ಪ್ರಶ್ನೆ (ತುಮಕೂರು): ತುಂಬಾ ಥ್ಯಾಂಕ್ಸ್ ಸರ್. ಗೋಲ್ಡ್‌ಫಿಶ್ ಮೀನನ್ನ ನಮ್ಮ ಅಣ್ಣನ ಮನೆಗೆ ಕೊಡ್ತಿದೀನಿ, ಅದರ ಟ್ಯಾಂಕಲ್ಲಿ ಹಳೇ ಸ್ಪಾಂಜ್ ಫಿಲ್ಟರ್ ಇದೆ, ಬಿಸಾಕಲಾ?

ಉತ್ತರ: ಅಯ್ಯೋ ಬಿಸಾಕ್ಬೇಡಿ ಸರ್! ಹೊಸ ಫಿಲ್ಟರಲ್ಲಿ ಬ್ಯಾಕ್ಟೀರಿಯಾ ಕೂರೋಕೆ ನಾಲ್ಕರಿಂದ ಆರು ವಾರ ಬೇಕು, ಇದ್ರಲ್ಲಿ ಈಗಾಗ್ಲೇ ಕೂತಿದೆ. ಮೀನಿಗೆ ರೋಗ ಏನೂ ಇಲ್ದಿದ್ರೆ ಒಣಗೋಕೆ ಬಿಡದೆ ಹಳೇ ನೀರಲ್ಲೇ ಮುಳುಗಿಸ್ಕೊಂಡು ತಂದು, ಹೊಸ ಟ್ಯಾಂಕಲ್ಲಿ ಕ್ಯಾನಿಸ್ಟರ್ ಪಕ್ಕದಲ್ಲೇ ಓಡಿಸಿ. ಆಮೇಲೂ ತೆಗೀಬೇಡಿ, ಕರೆಂಟ್ ಹೋದಾಗ ಬ್ಯಾಟರಿ ಪಂಪ್ ಹಾಕೋದು ಇದಕ್ಕೇ. ಅಣ್ಣನ ಮನೇಲಿ ಗೋಲ್ಡ್‌ಫಿಶ್‌ಗೂ ಫಿಲ್ಟರ್ ಬೇಕಲ್ವಾ, ಈ ಹಳೇ ಸ್ಪಾಂಜಲ್ಲೇ ಒಂದು ತುಂಡು ಅವರ ಫಿಲ್ಟರ್ ಒಳಗೆ ಹಾಕೋಕೆ ಕೊಡಿ.